ಮಗ್ಗದ ಕುಣಿ ಮುಚ್ಚಿ ಕೊಡಲಾಗುವುದು

ಜಮಖಂಡಿಯ ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಗಾಡಿಯೊಂದು ನಿಲ್ಲುತ್ತದೆ. ಗಂಜಿ ಹಾಕಿದ ಹತ್ತಿಯ ಸೀರೆಗೆ ನೀರು ಚಿಮುಕಿಸಿ, ಕೆಂಡ ತುಂಬಿದ ಪೆಟ್ಟಿಗೆಯನ್ನು ಅದರ ಮೇಲೆ ಎಳೆದ ಕೂಡಲೇ ಹಬೆ ಏಳುತ್ತದೆ. ಆ ಹಬೆಯಲ್ಲಿ ಮೊದಲು ಹುಳಿ ಬಂದ ಗಂಜಿಯ ವಾಸನೆ, ಅದರ ಬೆನ್ನಿಗೇ ಬೂದಿಯ ವಾಸನೆ. ಈ ಎರಡೂ ಕೂಡಿ ಬಂದಾಗಲೆಲ್ಲ ನಾನು ಬನಹಟ್ಟಿಯ ಮನೆಯ ಪಡಸಾಲೆಯಲ್ಲಿ ಆಯಿಯ ತೊಡೆಯ ಮೇಲೆ ಕುಳಿತಿರುತ್ತಿದ್ದೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳು ನನ್ನ ಹೆಬ್ಬೆರಳನ್ನು ಬೂದಿಯಲ್ಲಿ ಅದ್ದಿಸಿ, ಮಗ್ಗದಿಂದ ಜೋತಾಡುವ ಒಂದು ಎಳೆಗೆ ಹಸಿರು ಎಳೆಯೊಂದನ್ನು ಸೇರಿಸಿ ಹೊಸೆಯಲು ಕಲಿಸುತ್ತಿದ್ದಳು. ಹಸಿರು ಬಣ್ಣ ಬೆರಳಿಗೆ ಹತ್ತಿದ್ದು ನನಗೆ ಕಾಣಿಸುತ್ತಿತ್ತು, ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಇಷ್ಟು ಚೆಂದವಾಗಿ ಉಳಿದ ನೆನಪನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಆದರೂ ಇದೊಂದನ್ನು ಪರೀಕ್ಷೆಗೆ ಒಡ್ಡದೆ ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿದ್ದೆ.

ಆ ಮನೆ ಮಾರಾಟಕ್ಕಿದೆ ಎಂದು ನನಗೆ ಗೊತ್ತಾದದ್ದು ಫೋನಿನಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳನ್ನು ಮಾರುವವರು ಕೊಳ್ಳುವವರು ಸೇರಿಕೊಂಡ ಗುಂಪೊಂದಿದೆ. ಯಾರೋ ನನ್ನನ್ನೂ ಅದಕ್ಕೆ ಸೇರಿಸಿದ್ದರು. ಅದರಲ್ಲಿ ಬೆಳಿಗ್ಗೆ ಹುತಾತ್ಮ ಯೋಧನೊಬ್ಬನ ಚಿತ್ರ ಬರುತ್ತಿತ್ತು, ಅದರ ಕೆಳಗೆ ಎಲ್ಲರೂ ಕೈಮುಗಿದ ಗುರುತು ಹಾಕುತ್ತಿದ್ದರು, ಅದರ ಕೆಳಗೆ ಮೂಡಣ ಬಾಗಿಲಿನ ಎರಡಂತಸ್ತಿನ ಮನೆ, ಮತ್ತೆ ಇನ್ನೊಬ್ಬ ಯೋಧ, ಮತ್ತೆ ಮೂಲೆಯ ಸೈಟು. ಒಂದು ದಿನ ಹೀಗೆ ಸರಿಸುತ್ತ ಹೋದಾಗ ನಮ್ಮ ಬಾಗಿಲ ಚೌಕಟ್ಟು ಕಂಡಿತು. ಅದರಡಿ ನನ್ನ ಅಣ್ಣ ಶಿವಾನಂದನ ನಂಬರು. ಪಡಸಾಲೆಯ ಚಿತ್ರದಲ್ಲಿ ಹಳೆಯ ಮಗ್ಗವೂ ಅದರ ಕುಣಿಯೂ ಇದ್ದವು. ಕುಣಿ ಎಂದರೆ ನೇಯುವವರು ಕಾಲು ಇಳಿಬಿಟ್ಟು ಕೂರುವ, ನೆಲದಲ್ಲಿ ತೋಡಿದ ತಗ್ಗು. ಚಿತ್ರದ ಕೆಳಗೆ ಬರೆದಿತ್ತು: ಮಗ್ಗದ ಕುಣಿ ಮುಚ್ಚಿ ಕೊಡಲಾಗುವುದು.

ಆ ಮಗ್ಗ ಚನ್ನಪ್ಪ ಕಾಕಾನದು. ಅಪ್ಪನ ತಮ್ಮ, ಸೈನ್ಯಕ್ಕೆ ಸೇರಿದವನು. ನನಗೆ ಅವನ ಮುಖ ನೆನಪಿಲ್ಲ. ನೆನಪಿದೆ ಎಂದುಕೊಂಡಿರುವುದು ಗೋಡೆಯ ಮೇಲಿನ ಫೋಟೋ ಇರಬೇಕು. ರಜೆಗೆ ಬಂದಾಗ ಅವನು ಬೂಟು ಕಳಚಿ ನೇರ ಕುಣಿಗಿಳಿಯುತ್ತಿದ್ದನಂತೆ, ರಜೆ ಮುಗಿಯುವುದರೊಳಗೆ ಒಂದೆರಡು ಸೀರೆ ಇಳಿಸುತ್ತಿದ್ದನಂತೆ. ಕೊನೆಯ ಸಲ ಹೋದವನು ಹಿಮದ ಗುಡ್ಡಗಳಲ್ಲಿ ಸತ್ತ. ಹೆಣ ಬರಲಿಲ್ಲ, ಒಂದು ಟ್ರಂಕು ಬಂತು. ನಮ್ಮ ಕಡೆ ಸತ್ತವರನ್ನು ಹೂಳುವಾಗ ಓಣಿಯ ಮನೆಮನೆಯವರು ಒಂದೊಂದು ಹಿಡಿ ಮಣ್ಣು ಹಾಕಬೇಕು. ಹಾಕಲು ಕುಣಿಯೇ ಇಲ್ಲದೆ ಜನ ಬಾಗಿಲಲ್ಲಿ ಕೈ ಬರಿದಾಗಿ ನಿಂತರು. ನಮ್ಮ ಮನೆಯಲ್ಲಿದ್ದ ಕುಣಿ ಮಗ್ಗದ್ದೊಂದೇ.

ನೇಕಾರರು ಸೀರೆ ಮುಗಿದಾಗ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ಎಳೆಗಳ, ತುದಿಯನ್ನು ಹಣಿಗೆಯಲ್ಲೇ ಬಿಟ್ಟು ಸೀರೆ ಕತ್ತರಿಸುತ್ತಾರೆ. ಹಣಿಗೆ ಎಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ, ಬಾಚಣಿಗೆಯಂಥ ಸಾಧನ. ಮುಂದಿನ ಸೀರೆಯ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕಾಕಾ ಬಿಟ್ಟುಹೋದ ತುದಿಗೆ ಹೊಸ ಹಾಸು ಕೆಚ್ಚಲು ಆಯಿ ಯಾರಿಗೂ ಬಿಡಲಿಲ್ಲ. ಬದಲಿಗೆ ಓಣಿಯ ಪ್ರತಿ ಮನೆಯವರು ವರ್ಷಕ್ಕೊಮ್ಮೆ, ಟ್ರಂಕು ಬಂದ ದಿನ, ಒಂದೊಂದು ಎಳೆ ತಂದು ಅದಕ್ಕೆ, ಮುಂದಿನ ವರ್ಷ ಆ ಎಳೆಯ ತುದಿಗೆ, ಕೆಚ್ಚಿ ಹೋಗತೊಡಗಿದರು. ಇದನ್ನು ಮೊದಲು ಹೇಳಿದ್ದು ಆಯಿ ಎಂದು ಅವ್ವ ಹೇಳುತ್ತಿದ್ದಳು. ಅಪ್ಪ ತಾನೇ ಹೇಳಿದ್ದೆನ್ನುತ್ತಿದ್ದ. ಯಾರೂ ಹೇಳಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಮೊದಲು ಯಾರೋ ಒಬ್ಬರು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಎಳೆಯನ್ನು ಅಲ್ಲಿ ಹೊಸೆದು ಹೋಗಿರಬೇಕು, ಉಳಿದವರು ನೋಡಿರಬೇಕು.

ಆ ದಿನ ಓಣಿಯ ಮಗ್ಗಗಳು ನಿಲ್ಲುತ್ತಿದ್ದವು. ಹುಟ್ಟಿದಾಗಿನಿಂದ ಆ ಖಟಖಟದಲ್ಲೇ ಬೆಳೆದವರಿಗೆ ಅದು ನಿಂತಾಗ ಕಿವಿ ಗುಂಯ್ ಎನ್ನುತ್ತಿತ್ತು. ತೊಟ್ಟಿಲ ಕೂಸುಗಳು ಬೆಚ್ಚಿ ಅಳುತ್ತಿದ್ದವು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ಬರುವವರು ತಮ್ಮ ಒಲೆಯ ಬೂದಿಯನ್ನು ತಾವೇ ಚಿಟಿಕೆಯಲ್ಲಿ ಹಿಡಿದು ತರಬೇಕು, ಎಳೆ ಆ ದಿನ ತಮ್ಮ ಮಗ್ಗದ ಮೇಲಿದ್ದದ್ದೇ ಆಗಬೇಕು. ಹೀಗಾಗಿ ಆ ತುದಿ ನೋಡಿದರೆ ಯಾವ ವರ್ಷ ಓಣಿ ಏನು ನೇಯುತ್ತಿತ್ತು ಎಂದು ತಿಳಿಯುತ್ತಿತ್ತು. ಒಮ್ಮೆ ಬಾಳವ್ವ ಎಂಬ ನೆರೆಯವಳು ರೇಶ್ಮೆ ಎಳೆ ತಂದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದರು.

“ಏನ ಬಾಳವ್ವ, ರೇಶಿಮಿ ತಂದೀದಿ. ಚನ್ನಪ್ಪಗ ಕನ್ಯಾ ನೋಡೀಯೇನು?”

“ನಮ್ಮ ಮಗ್ಗದಾಗ ಇವತ್ತ ಇದ ಐತ್ರೆವ್ವಾ. ಹತ್ತಿ ಏನ್ ನಿಮ್ಮ ಮನಿಂದ ಕದ್ದು ತರ್ಲಿ?”

ಆಯಿ ನಕ್ಕಳು. ಅಥವಾ ನಗಲಿಲ್ಲ, ನಕ್ಕದ್ದು ಅವ್ವ ಇರಬಹುದು. ನಗುವೊಂದು ಇತ್ತು, ಅಷ್ಟು ಖರೆ.

ಫೋನಿನಲ್ಲಿ ಮನೆ ಕಂಡ ಮರುದಿನ ನಾನು ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಅವ್ವ ತೀರಿಕೊಂಡ ಮೇಲೆ ಮನೆಗೆ ಬೀಗವಿತ್ತು, ಹೋದ ಮಳೆಗಾಲದಲ್ಲಿ ಮಾಳಿಗೆಯ ತೊಲೆಯೊಂದು ಕುಸಿದಿತ್ತು. ನಮ್ಮ ಓಣಿಯಲ್ಲಿ ಗೋಡೆಗಳ ಮೇಲೆಲ್ಲ ಸುಣ್ಣದಲ್ಲಿ ಫೋನ್ ನಂಬರುಗಳನ್ನು ಬರೆದಿದ್ದರು. ಬಾಗಿಲು ತೆರೆದಿತ್ತು. ಒಳಗೆ ಗಂಗವ್ವತ್ತಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಅವಳು ಕಾಕಾನ ತಂಗಿ, ತೇರದಾಳಕ್ಕೆ ಕೊಟ್ಟವಳು. ಆಯಿ ಹೋದ ಮೇಲೆ ವರ್ಷವರ್ಷ ಆ ದಿನ ಬಂದು ಬಾಗಿಲು ತೆರೆದು ಕೂರುತ್ತಿದ್ದವಳು ಅವಳೇ. ಮನೆಯಲ್ಲಿ ಅವಳ ಪಾಲೂ ಇತ್ತು, ಅವಳ ಸಹಿಯಿಲ್ಲದೆ ಮಾರಾಟ ನಡೆಯುವಂತಿರಲಿಲ್ಲ. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಕೊಳ್ಳಲು ಬಂದ ಸಾವಳಗಿ ಎಂಬವರು ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ ಒಳಗೆ ಬರುವುದೋ ಬೇಡವೋ ಎಂಬಂತೆ ನಿಂತಿದ್ದರು. ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ.

“ಅತ್ತಿ, ನೀ ಹಿಂಗ ಕುಣಿಯಾಗ ಕಾಲ ಬಿಟ್ಟು ಕುಂತರ ಗಿರಾಕಿ ಓಡಿ ಹೋಗ್ತಾರು,” ಎಂದ ಅಣ್ಣ.

“ಓಡ್ಲಿ. ಓಡಾವರಿಗೆ ಮನಿ ಯಾಕ ಬೇಕು, ರಸ್ತಾ ಸಾಕಲ್ಲ.”

ಸಾವಳಗಿಯವರು ಕೂಡ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ಆಯಾರ, ತಪ್ಪ ತಿಳೀಬ್ಯಾಡ್ರಿ. ಅವರು ದೇಶಕ್ಕ ಜೀವ ಕೊಟ್ಟಾರ, ನಾ ಕೈ ಮುಗೀತೇನ್ರಿ. ಆದರ ಸತ್ತವರ ಸಾಮಾನ ಒಳಗಿಟ್ಕೊಂಡು ಅಂಗಡಿ ತಗಿ ಅಂದರ ನಮ್ಮ ಮನಿಯಾಕಿ ಒಪ್ಪೂದಿಲ್ರಿ.”

“ಕಾಕಾನ ಹೆಸರು ಈಗ ಸರ್ಕಲ್ಲಿನ ಕಲ್ಲಿನ ಮ್ಯಾಲ ಬಂದೇತಿ ಅತ್ತಿ,” ಎಂದ ಅಣ್ಣ. “ಆ ದಿನಾ ಮಂದಿ ಅಲ್ಲೇ ಕೂಡ್ತಾರು. ಭಾಷಣ ಮಾಡ್ತಾರು, ಸಾಲಿ ಹುಡುಗರು ಬರ್ತಾವು. ಇಲ್ಲಿ ಯಾರ ಬರ್ತಾರ ಹೇಳು.”

ಅತ್ತಿ ಹಣಿಗೆಯಿಂದ ಜೋತಾಡುತ್ತಿದ್ದ ತುದಿಯ ಮೇಲೆ ಕೈಯಾಡಿಸಿದಳು. ಮೇಲೆ ಬಿಳಿ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಕೆಳಗೆ ಹೊಳೆಯುವ ನಕಲಿ ರೇಶ್ಮೆ, ಇನ್ನೂ ಕೆಳಗೆ ಪಾಲಿಸ್ಟರ್. ಅದಕ್ಕೂ ಕೆಳಗೆ ಏನೂ ಇರಲಿಲ್ಲ. ಇಡೀ ಓಣಿ ಅಲ್ಲಿ ನೇತಾಡುತ್ತಿತ್ತು. ನಾನು ಅವಳ ಪಕ್ಕದಲ್ಲಿ ಕುಳಿತು ಅದರಲ್ಲೊಂದು ಹಸಿರನ್ನು ಹುಡುಕಿದೆ.

“ಅತ್ತಿ, ನಾನೂ ಒಮ್ಮೆ ಇದಕ್ಕ ಹಸರ ಎಳಿ ಕೆಚ್ಚಿದ್ನೆಲ್ಲ. ಆಯಿ ತೊಡಿ ಮ್ಯಾಲ ಕುಂದರಿಸಿಕೊಂಡು ಕಲಸಿದ್ಲು.”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀ ಎಂದ ಕೆಚ್ಚಿದಿ ಬೇ? ಸತ್ತ ಮನಿಯಾಗ ಒಲಿ ಹಚ್ತಾರೇನು? ಓಣಿಯವರು ರೊಟ್ಟಿ ತರ್ತಾರು, ಮನಿಯವರು ತಿಂತಾರು. ಇದೂ ಹಂಗ. ಮನಿಯವರು ಕೆಚ್ಚೂದಿಲ್ಲ. ಆಯಿ ಕೆಚ್ಚಲಿಲ್ಲ, ನಾ ಕೆಚ್ಚಲಿಲ್ಲ. ನಿನಗ ಮುಟ್ಟಾಕೂ ಕೊಡತಿರಲಿಲ್ಲ ಆಕಿ.”

ಬೆರಳಿಗೆ ಹತ್ತಿದ ಆ ಹಸಿರು, ಕಿವಿಯ ಹತ್ತಿರದ ಆ ಉಸಿರು ಎಲ್ಲಿಂದ ಬಂದವೋ ನನಗೆ ಈಗಲೂ ಗೊತ್ತಿಲ್ಲ. ಬಹುಶಃ ಕಂಬದ ಹಿಂದೆ ನಿಂತು ನೋಡುತ್ತಿದ್ದೆ, ನೋಡಿ ನೋಡಿ ಆ ನೆನಪಿನೊಳಗೆ ನಾನೇ ಹೋಗಿ ಕುಳಿತುಬಿಟ್ಟೆ. ಸಣ್ಣ ಸಮಾಧಾನಕ್ಕೆಂದು ಕಾಕಾನ ಕೊನೆಯ ಸೀರೆಯ ಬಗ್ಗೆ ಕೇಳಿದೆ. ಅದನ್ನು ಅರ್ಧ ನೇಯ್ದು, ಬಂದು ಮುಗಿಸುತ್ತೇನೆಂದು ಹೇಳಿ ಹೋದನಂತೆ, ಹೌದೇ?

“ಯಾರಂದರು? ಪೂರಾ ಮುಗಿಸಿ, ಕತ್ತರಿಸಿ, ಮಡಚಿ ಇಟ್ಟ ಹ್ವಾದ. ತೇರದಾಳ ಸಂತಿಯಾಗ ಮಾರಿದ್ವಿ. ಯಾರೋ ಉಟ್ಟು ಹರದಿರಬೇಕು.”

ಹೊರಗೆ ಯಾವುದೋ ಓಣಿಯಲ್ಲಿ ಒಂದೇ ಒಂದು ಪವರ್‌ಲೂಮ್ ಓಡುತ್ತಿತ್ತು. ಅತ್ತಿ ಅದನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು: “ಹ್ವಾದ ವರ್ಷ ಯಾರೂ ಬರಲಿಲ್ಲ. ನಾ ಬಾಗಲಾ ತಗದು ಸಂಜಿತನಾ ಕುಂತಿದ್ದೆ. ಓಣ್ಯಾಗ ಇರಾವರೆಲ್ಲಾ ಬಾಡಗಿ ಮಂದಿ. ಅವರಿಗೇನ ಗೊತ್ತು ಪಾಪ. ಒಬ್ಬಾಕಿ ಬಂದು, ಅಜ್ಜಿ ಮೈಯಾಗ ಆರಾಮಿಲ್ಲೇನ್ರಿ ಅಂತ ನೀರ ಕೊಟ್ಟ ಹ್ವಾದ್ಲು.”

ಅತ್ತಿ ಎರಡೂ ಕೈ ಊರಿ, ಒಂದೊಂದೇ ಕಾಲನ್ನು ಕುಣಿಯಿಂದ ಮೇಲೆಳೆದುಕೊಂಡಳು. ನಾನು ಹಿಡಿಯಲು ಹೋದರೆ ಕೈ ಸರಿಸಿದಳು. ಹಣಿಗೆಯನ್ನು ಎಳೆಗಳ ಸಮೇತ ಮಗ್ಗದಿಂದ ತಾನೇ ಬಿಚ್ಚಿದಳು; ಗಂಟು ಸಡಿಲಾದಾಗ ಅಷ್ಟು ವರ್ಷ ನೇತಾಡಿದ ತುದಿ ಒಮ್ಮೆಲೇ ನೆಲಕ್ಕೆ ಬಿತ್ತು. ಅದನ್ನು ಸುತ್ತಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗಿಟ್ಟಳು. “ಮಗ್ಗದಾಗ ಇರೂತನಾ ಇದು ಹಾಸು,” ಎಂದಳು. “ಈಗ ಚಿಂದಿ. ಆದರೂ ನೀ ಇಟ್ಕೋ. ನನ್ನ ಸೊಸಿ ಒಗದ್ ಬಿಡ್ತಾಳು.” ಆಮೇಲೆ ಹಿತ್ತಲಿಗೆ ಹೋದಳು. ಹಿಂದೆ ನೀರು ಕಾಸುತ್ತಿದ್ದ ಹಂಡೆಯ ಒಲೆಯ ಮುಂದೆ ಬಗ್ಗಿ ಏನೋ ಮಾಡುತ್ತಿದ್ದದ್ದು ನನಗೆ ಕಂಡಿತು, ಏನೆಂದು ಕೇಳಲಿಲ್ಲ. ಅತ್ತಿ ಸಹಿ ಹಾಕಿದಳು, ಕುಣಿಗೆ ಹಾಕುವ ಮಣ್ಣಿನ ಟ್ರ್ಯಾಲಿ ಆ ವಾರವೇ ಬಂತು ಎಂದು ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದ.

ಟ್ರಂಕು ಬಂದ ಆ ದಿನ ಮರಳಿದಾಗ ಫೋನಿನ ಗುಂಪಿನಲ್ಲಿ ಬೆಳಿಗ್ಗೆಯೇ ಚನ್ನಪ್ಪ ಕಾಕಾನ ಚಿತ್ರ ಬಂತು. ಸರ್ಕಲ್ಲಿನಲ್ಲಿ ಕಲ್ಲಿಗೆ ಹಾರ, ಅಣ್ಣನ ಹೆಗಲ ಮೇಲೆ ಶಾಲು, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತ ಶಾಲೆಯ ಮಕ್ಕಳು. ಜನ ನಿಜಕ್ಕೂ ಬಹಳ ಬಂದಿದ್ದರು. ಅವರ ಕೈಮುಗಿದ ಗುರುತುಗಳನ್ನು ನೋಡುತ್ತ ನನಗೆ ಕಣ್ಣು ತುಂಬಿದ್ದು ಸುಳ್ಳಲ್ಲ. ಆ ಚಿತ್ರಗಳ ಕೆಳಗೆ ಬೀಳಗಿಯ ಮನೆಯೊಂದು ಮಾರಾಟಕ್ಕಿತ್ತು.

ಮಧ್ಯಾಹ್ನದ ಬಸ್ಸಿಗೆ ಅತ್ತಿ ಜಮಖಂಡಿಯ ನನ್ನ ಮನೆಗೆ ಬಂದಳು. ಸರ್ಕಲ್ಲಿಗೆ ಹೋಗಿರಲಿಲ್ಲ. ನೀರು ಕುಡಿದು, ಕಪಾಟಿನ ಮೇಲಿದ್ದ ಗಂಟನ್ನು ಇಳಿಸು ಎಂದಳು. ಹಣಿಗೆಯನ್ನು ಕುರ್ಚಿಯ ಎರಡು ಕಾಲುಗಳ ನಡುವೆ ಕಟ್ಟಿ, ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕಾಗದದ ಪೊಟ್ಟಣ ಬಿಚ್ಚಿದಳು. ಬೂದಿ.

“ಯಾರ ಒಲೀದು ಅತ್ತಿ?”

“ನಮ್ಮ ಬನಹಟ್ಟಿ ಮನಿ ಹಂಡೆದ ಒಲೀದು. ಮತ್ತ ಯಾರ ಮನಿಯಾಗ ಒಲಿ ಅದಾವು ಈಗ.”

ಚೀಲದಿಂದ ನೂಲಿನ ಉಂಡೆ ತೆಗೆದು ಅವಳು ಕೆಚ್ಚತೊಡಗಿದಳು. ಹೆಬ್ಬೆರಳು ಬೂದಿಗೆ, ಬೂದಿಯಿಂದ ಎಳೆಗೆ, ಒಂದು ಹೊಸೆತ, ಬಿಟ್ಟರೆ ಕೂಡಿಕೊಂಡಿರುತ್ತಿತ್ತು. ಪ್ರತಿ ಎಳೆಗೂ ಅವಳು ಮೆಲ್ಲಗೆ ಹೇಳುತ್ತಿದ್ದಳು. ಇದು ಬಾಂವಿ ಮನಿದು. ಇದು ಬಾಳವ್ವನ ಮನಿದು, ಮಗಾ ಮಾರಿ ಮುಧೋಳಕ್ಕ ಹ್ವಾದ. ಇದು ಮೂಲಿ ಮನಿದು, ಅಲ್ಲಿ ಈಗ ರೊಕ್ಕದ ಮಿಷನ್ ಐತಿ. ಇದು ಬೇವಿನ ಗಿಡದ ಮನಿದು, ಗಿಡಾನೂ ಇಲ್ಲ. ಕಾಕಾನ ಹೆಸರನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಓಣಿ ಒಂದು ಬದಿಯಿಂದ ಶುರುವಾಗಿ ನಮ್ಮ ಬಾಗಿಲ ತನಕ ಬಂತು, ನಮ್ಮ ಬಾಗಿಲು ದಾಟಿ ಆಚೆ ತುದಿಗೆ ಹೋಯಿತು. ಕೆಲವು ಮನೆಗಳು ನನಗೆ ನೆನಪಿರಲಿಲ್ಲ. ಅವು ಇದ್ದವೇ ಎಂದು ಕೇಳಲು ಈಗ ಬೇರೆ ಯಾರೂ ಉಳಿದಿಲ್ಲ.

ಮುಗಿಯಿತೆಂದುಕೊಂಡೆ. ಅವಳು ಇನ್ನೊಂದು ಎಳೆ ಹರಿದು ನನ್ನ ಕಡೆ ಚಾಚಿದಳು.

“ಇದು ಯಾರದು?”

“ನಮ್ಮದು. ಕೆಚ್ಚು.”

“ಮನಿಯವರು ಕೆಚ್ಚೂದಿಲ್ಲ ಅಂದಿದ್ದಿ.”

“ಮನಿ ಎಲ್ಲೈತಿ ಬೇ ಈಗ,” ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. “ನಾವೂ ಓಣಿಯವರ ಆದ್ವಿ.”

ನನಗೆ ಬರುತ್ತಿರಲಿಲ್ಲ. ಹೊಸೆದದ್ದು ಬಿಚ್ಚಿಕೊಳ್ಳುತ್ತಿತ್ತು, ಬೂದಿ ಹೆಚ್ಚಾಗಿ ಬೆರಳು ಜಾರುತ್ತಿತ್ತು. ಅತ್ತಿ ಕಲಿಸಲಿಲ್ಲ, ಕೈ ಹಿಡಿಯಲಿಲ್ಲ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಕೊನೆಗೊಮ್ಮೆ ಅದು ನಿಂತಿತು. ಎಳೆದು ನೋಡುವ ಧೈರ್ಯವಾಗಲಿಲ್ಲ. ಎಳೆ ಬಿಳಿಯದು. ಮುಂದೆ ಯಾವಾಗಲಾದರೂ ಅದು ಹಸಿರಾಗಿತ್ತು ಎಂದು ನನಗೆ ಅನ್ನಿಸಬಹುದು, ಆದ್ದರಿಂದ ಈಗಲೇ ಬರೆದಿಡುತ್ತಿದ್ದೇನೆ. ಬಿಳಿಯದು.