ರೆಸ್ಯೂಮೆ ಅಂಕಲ್ ಅವರ ಭೂತಕಾಲ

ಹೋದ ವಾರ ಆಫೀಸಿನ ಮೀಟಿಂಗ್ ರೂಮಿನಲ್ಲಿ ಯಾರೋ ಹೊಸ ಮಾರ್ಕರಿನ ಮುಚ್ಚಳ ತೆಗೆದರು. ಸ್ಪಿರಿಟ್ಟಿನಂಥ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗೆ ಮಡಚುವ ಕುರ್ಚಿಗಳಲ್ಲಿ ಏಳೆಂಟು ಗಂಡಸರು, ಮೇಲಿನ ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ, ಬಿಳಿ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತ ಅವರು...

ನಮ್ಮ ಮನೆಯಲ್ಲಿ ಅವರಿಗೆ ಇಟ್ಟ ಹೆಸರು ರೆಸ್ಯೂಮೆ ಅಂಕಲ್. ಸಂಬಂಧಿಕರೇನಲ್ಲ, ನಮ್ಮದೇ ಬಡಾವಣೆಯಲ್ಲಿ ನಾಲ್ಕು ಮನೆ ಆಚೆ ಇದ್ದ ಮೈಸೂರಿನವರು. ಒಂದು ಕಾರು ಕಂಪನಿಯ ಟ್ರೈನಿಂಗ್ ವಿಭಾಗದಲ್ಲಿದ್ದು, ರಿಸೆಷನ್ನಿನ ಮೊದಲ ಏಟಿಗೇ ಕಂಪನಿ ಕೊಟ್ಟಷ್ಟು ತೆಗೆದುಕೊಂಡು ಮನೆ ಸೇರಿದವರು. ಸೇರಿದ ಮೇಲೆ ಸುಮ್ಮನಿರಬೇಕಿತ್ತು. ಊರಿನ ಕೆಲಸವಿಲ್ಲದ ಕನ್ನಡಿಗರನ್ನೆಲ್ಲ ಉದ್ಧಾರ ಮಾಡುವ ಹುಮ್ಮಸ್ಸು ಹತ್ತಿತು. ಪ್ರತಿ ಶನಿವಾರ ಬೆಳಗ್ಗೆ ಅವರ ಬೇಸ್‌ಮೆಂಟಿನಲ್ಲಿ ರೆಸ್ಯೂಮೆ ಬರೆಯುವ ಕ್ಲಾಸು, ಫೀಸಿಲ್ಲ, ಜೊತೆಗೆ ತಿಂಡಿ. ಪುಕ್ಕಟೆ ಉಪ್ಪಿಟ್ಟು ತಿಂದವರು ಎದುರು ಮಾತಾಡುವುದಿಲ್ಲ ಎನ್ನುವುದನ್ನು ನಾನು ಕಲಿತದ್ದು ಅಲ್ಲೇ.

ಅಪ್ಪ ಬ್ರೇಕಿನ ಬಿಡಿಭಾಗ ಮಾಡುವ ಪ್ಲಾಂಟಿನಲ್ಲಿ ಕ್ವಾಲಿಟಿ ಇಂಜಿನಿಯರ್. ಬೇಸಿಗೆ ಮುಗಿಯುವಷ್ಟರಲ್ಲಿ ಪ್ಲಾಂಟ್ ಮುಚ್ಚುತ್ತದೆ ಎಂದು ಹೇಳಿಯಾಗಿತ್ತು. ಅಷ್ಟರೊಳಗೆ ಬೇರೆ ಕಂಪನಿ ಸಿಗದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಅಮ್ಮ, ಅಪ್ಪ, ನಾನು ಮೂವರೂ ದೇಶ ಬಿಡಬೇಕು. ನಾನಾಗ ಹೈಸ್ಕೂಲಿನ ಡಿಬೇಟ್ ಟೀಮಿನಲ್ಲಿದ್ದೆ. ಕ್ಲಾಸು ಮುಗಿಸಿಕೊಂಡು ಅಪ್ಪನೇ ನನ್ನನ್ನು ಟೂರ್ನಮೆಂಟಿಗೆ ಬಿಡಬೇಕಾದ್ದರಿಂದ ಮೆಟ್ಟಿಲೇ ನನ್ನ ಜಾಗ.

ಬೋರ್ಡಿನ ಮೇಲೆ ಮೂರು ಸಾಲು. ಎಡಕ್ಕೆ ಭೂತಕಾಲದ ಕ್ರಿಯಾಪದಗಳು: ಟರ್ನ್ಡ್, ರೋಲ್ಡ್, ಸ್ಕೇಲ್ಡ್. ನಡುವೆ ಅವಕ್ಕೆ ಅಂಟಿಸುವ ಬಾಲಗಳು: ಅಪ್, ಔಟ್, ಅರೌಂಡ್. ಬಲಕ್ಕೆ ಮೇಲೆ ಉದುರಿಸುವ ಮಸಾಲೆ: ಸಕ್ಸಸ್‌ಫುಲಿ, ಅಗ್ರೆಸಿವ್ಲಿ, ಸಿಂಗಲ್‌ಹ್ಯಾಂಡೆಡ್ಲಿ. ಒಂದೊಂದು ಸಾಲಿನಿಂದ ಒಂದೊಂದು ಎತ್ತಿ ಜೋಡಿಸಿದರೆ ನಿಮ್ಮ ಇಪ್ಪತ್ತು ವರ್ಷದ ದುಡಿಮೆ ತಯಾರು.

"ಬರೀ ಟರ್ನ್ಡ್ ಅಂದ್ರೆ ಎಡಕ್ಕೋ ಬಲಕ್ಕೋ ತಿರುಗಿದ ಅಂತ," ಎನ್ನುತ್ತಿದ್ದರು. "ಟರ್ನ್ಡ್ ಅರೌಂಡ್ ಅಂದ್ರೆ? ಮುಳುಗ್ತಾ ಇದ್ದಿದ್ದನ್ನ ಮೇಲಕ್ಕೆತ್ತಿದ ಅಂತ. ಸಂಬಳ ಇರೋದೇ ಬಾಲದಲ್ಲಿ ಕಣ್ರೀ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನಗೆ ಮೈ ಉರಿಯಿತು.

ಅಪ್ಪ ಬರೆದುಕೊಂಡು ಹೋಗಿದ್ದ ವಾಕ್ಯ ಬಹಳ ಸಾದಾ. ಪ್ಲಾಂಟಿನ ಒಂದು ಉತ್ಪಾದನಾ ಲೈನಿನಲ್ಲಿ ಬಿರುಕು ಬಿಟ್ಟ ಭಾಗಗಳು ವಿಪರೀತ ಬರುತ್ತಿದ್ದವು. ಅಪ್ಪ ಮತ್ತು ಅವನ ಸಹೋದ್ಯೋಗಿ, ನಾನು ಹುಬ್ಬಳ್ಳಿ ಅಂಕಲ್ ಎನ್ನುತ್ತಿದ್ದವರು, ಸೇರಿ ಆ ಲೈನನ್ನು ಸರಿ ಮಾಡಿದ್ದರು. ಇಬ್ಬರೂ ವಾರಗಟ್ಟಲೆ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ತಪ್ಪು ಅಚ್ಚಿನಲ್ಲಿದೆ ಎಂದು ಕಂಡುಹಿಡಿದಿದ್ದರು. ಅಪ್ಪ ಬರೆದದ್ದು ಇಷ್ಟೇ: ಲೈನನ್ನು ಸರಿಮಾಡಲು ಹೆಲ್ಪ್ ಮಾಡಿದೆ.

ರೆಸ್ಯೂಮೆ ಅಂಕಲ್ ಅದನ್ನು ಓದಿ, ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರ ಹಾಗೆ ಮುಖ ಮಾಡಿದರು. "ಹೆಲ್ಪಾ? ಹೆಲ್ಪ್ ಮಾಡೋದು ಅಡುಗೆಮನೇಲಿ, ರಾಯರೇ." ಗೀಟು ಹಾಕಿ ಮೇಲೆ ಬರೆದರು, ಸಿಂಗಲ್‌ಹ್ಯಾಂಡೆಡ್ಲಿ ಟರ್ನ್ಡ್ ಅರೌಂಡ್.

"ಆದ್ರೆ ಸಾರ್, ನಾನೊಬ್ನೇ ಮಾಡಿದ್ದಲ್ವಲ್ಲ. ಇವರೂ ಇದ್ರು," ಎಂದ ಅಪ್ಪ, ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿ.

"ಅವರೂ ಅದನ್ನೇ ಬರೀಲಿ. ಯಾರು ಬಂದು ಎಣಿಸ್ತಾರೆ?"

ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲಿಂದಲೇ ಕೇಳಿದೆ: "ಅಂಕಲ್, ಅಪ್ಪ ಲೈನನ್ನ ಟರ್ನ್ ಅರೌಂಡ್ ಮಾಡಿದ್ರೆ ಪ್ಲಾಂಟನ್ನ ಯಾಕೆ ಮುಚ್ತಾ ಇದಾರೆ?"

ಹುಬ್ಬಳ್ಳಿ ಅಂಕಲ್ ಕೆಮ್ಮಿದ ಹಾಗೆ ನಕ್ಕು, "ಹುಡುಗಿ ಬರೋಬ್ಬರಿ ಕೇಳ್ತದ ನೋಡ್ರಿ," ಎಂದರು.

"ಏನಮ್ಮ ಲಾಯರ್," ಎಂದರು ರೆಸ್ಯೂಮೆ ಅಂಕಲ್, "ನಿನಗೆ ಡಿಬೇಟಲ್ಲಿ ಕಪ್ ಕೊಡ್ತಾರೆ. ನಿಮ್ಮಪ್ಪನಿಗೆ ಬೇಕಾಗಿರೋದು ಕೆಲಸ." ಮತ್ತೆ ಬೋರ್ಡಿಗೆ ತಿರುಗಿದರು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಈವತ್ತಿಗೂ ಅಲ್ಲ.

ಮುಂದೆ ಆದದ್ದನ್ನು ಯಾರು ಬೇಕಾದರೂ ಊಹಿಸಬಹುದಿತ್ತು, ಅವರೊಬ್ಬರನ್ನು ಬಿಟ್ಟು. ನೇಪರ್‌ವಿಲ್ ಕಡೆಯ ಒಂದು ಕಂಪನಿ ಇಬ್ಬರನ್ನೂ ಒಂದೇ ದಿನ ಇಂಟರ್‌ವ್ಯೂಗೆ ಕರೆಯಿತು. ಪೆಟ್ರೋಲ್ ಉಳಿಯಲಿ ಎಂದು ಒಂದೇ ಕಾರಿನಲ್ಲಿ ಹೋದರು, ದಾರಿಯಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಂಚಿಕೊಂಡು ತಿಂದರು. ಅಲ್ಲಿ ಕೂತಿದ್ದ ಹೆಂಗಸು ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದು, ಒಂದೇ ಪ್ಲಾಂಟಿನ ಒಂದೇ ಲೈನನ್ನು ನಿಮ್ಮಲ್ಲಿ ಯಾರು ಒಬ್ಬರೇ ಸರಿ ಮಾಡಿದಿರಿ ಎಂದು ಕೇಳಿದಳಂತೆ. ಅಪ್ಪ ಹುಬ್ಬಳ್ಳಿ ಅಂಕಲ್ ಕಡೆ ತೋರಿಸಿದ. ಹುಬ್ಬಳ್ಳಿ ಅಂಕಲ್ ಅಪ್ಪನ ಕಡೆ ತೋರಿಸಿದರು. ಆಕೆ ಮುಗುಳ್ನಕ್ಕು ಇಬ್ಬರಿಗೂ ಕೈ ಕುಲುಕಿ ಕಳಿಸಿದಳು.

ಮನೆಗೆ ಬಂದು ಇದನ್ನು ಹೇಳುವಾಗ ಅಪ್ಪ ನಗುತ್ತಿದ್ದ. ಅಮ್ಮ ನಗಲಿಲ್ಲ. ಆ ದಿನವೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

ಮುಂದಿನ ಶನಿವಾರ ಗುರುಗಳು ತಪ್ಪು ಒಪ್ಪಿಕೊಂಡರೇ? ಸರಿ, ಕೇಳಿ. "ನಿಮ್ಮನ್ನ ಒಂದೇ ಕಾರಲ್ಲಿ ಹೋಗಿ ಅಂತ ನಾನು ಹೇಳಿದ್ನಾ?" ಎಂದರು. ಆಮೇಲೆ ಅಪ್ಪನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಆ ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡಿಸಿದರು. ಶುರುವಿನಲ್ಲಿ ಅಪ್ಪ ಪ್ರತಿ ಸಲವೂ ಸಿಂಗಲ್‌ಹ್ಯಾಂಡೆಡ್ಲಿ ಬಂದಲ್ಲಿ ತಡವರಿಸುತ್ತಿದ್ದ. "ಹೇಳಿ, ಹೇಳಿ, ಗಂಟಲಲ್ಲಿ ಮುಳ್ಳಿದೆಯಾ?" ಎಂದು ಗದರಿಸುತ್ತಿದ್ದರು. ವಾರ ಕಳೆದ ಹಾಗೆ ತಡವರಿಕೆ ಕಡಿಮೆಯಾಯಿತು. ಹುಬ್ಬಳ್ಳಿ ಅಂಕಲ್ ಪಕ್ಕದ ಕುರ್ಚಿಯಲ್ಲೇ ಕೂತು, ತಟ್ಟೆಯ ಉಪ್ಪಿಟ್ಟು ನೋಡುತ್ತ ಇದನ್ನೆಲ್ಲ ಕೇಳಿಸಿಕೊಂಡರು. ನಂತರ ಒಂದು ಶನಿವಾರ ಬರಲಿಲ್ಲ.

ಪ್ಲಾಂಟ್ ಮುಚ್ಚುವ ಮುಂಚೆ ಅಪ್ಪನಿಗೆ ನೇಪರ್‌ವಿಲ್ ಪಕ್ಕದ ಬೋಲಿಂಗ್‌ಬ್ರೂಕಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಒಬ್ಬನೇ ಹೋಗಿದ್ದ, ಆ ವಾಕ್ಯವನ್ನು ನಿರಾಯಾಸವಾಗಿ ಹೇಳಿದ್ದ. ಹುಬ್ಬಳ್ಳಿ ಅಂಕಲ್‌ಗೆ ಸಿಗಲಿಲ್ಲ. ಅವರ ಸಂಸಾರ ಹುಬ್ಬಳ್ಳಿಗೆ ವಾಪಸ್ಸಾಯಿತು.

ಹಾಗಿದ್ದರೆ ಅವರ ವಿಧಾನ ಗೆದ್ದಿತಲ್ಲ ಎಂದು ನೀವು ಕೇಳಬಹುದು. ಗೆದ್ದಿತು. ಆ ಗೆಲುವಿನಲ್ಲೇ ನಾನು ಕಾಲೇಜು ಮುಗಿಸಿದೆ. ಆದರೆ ಗೆದ್ದ ಮಾತ್ರಕ್ಕೆ ಒಂದು ವಾದ ಸರಿಯಾಗಿಬಿಡುವುದಿಲ್ಲ. ಎಷ್ಟೋ ಟೂರ್ನಮೆಂಟುಗಳಲ್ಲಿ ಟೊಳ್ಳು ವಾದಕ್ಕೆ ಕಪ್ ಹೋಗುವುದನ್ನು ನಾನೇ ನೋಡಿದ್ದೇನೆ. ಆ ಮನುಷ್ಯನ ಬಗ್ಗೆ ನನಗೆ ಆಗ ಇದ್ದ ತಾತ್ಸಾರ ಈಗಲೂ ಇದೆ, ಮೊದಲಿಗಿಂತ ಹೆಚ್ಚು ಸಕಾರಣವಾಗಿ. ಕೆಲಸ ಕೊಡಿಸಿದ್ದಕ್ಕೆ ಅವರು ತೆಗೆದುಕೊಂಡದ್ದು ಏನನ್ನು ಎಂದು ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ರೆಸ್ಯೂಮೆ ಅಂಕಲ್ ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಅಪ್ಪ ಅಮ್ಮನ ಮನೆಯಲ್ಲಿ, ನೇಪರ್‌ವಿಲ್ಲಿನಲ್ಲಿದ್ದೆ. ಅಪ್ಪ ಕಣ್ಣೊರೆಸಿಕೊಂಡು, ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ.

"ದೊಡ್ಡ ಮನುಷ್ಯ ಕಣ್ರೀ," ಎಂದ. "ಆ ಬ್ರೇಕ್ ಲೈನ್ ನೆನಪಿದೆಯಲ್ಲ? ನಾನೊಬ್ನೇ ಕೂತು ಸರಿ ಮಾಡಿದ್ದೆ, ಆದ್ರೆ ಹೇಳ್ಕೊಳ್ಳೋಕೆ ನಾಚಿಕೆ. ಹೇಳೋ ಧೈರ್ಯ ಕೊಟ್ಟಿದ್ದು ಅವರು."

ಆ ಕಡೆ ಎಲ್ಲೋ ಒಂದು ಆಟೊ ಹಾರ್ನ್ ಹೊಡೆದದ್ದು ಕೇಳಿಸಿತು.

"ಹೌದ್ರಿ ಸರ," ಎಂದರು ಹುಬ್ಬಳ್ಳಿ ಅಂಕಲ್. "ನೀವ ಮಾಡಿದ್ರಿ. ಮತ್ತ, ಮಗಳು ಹೆಂಗ ಅದಾಳ್ರಿ?"

ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವಾಗ ಅವನ ಕಣ್ಣು ನೆಲ ನೋಡುತ್ತದೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತು ನೋಡಲಿಲ್ಲ. ನನ್ನ ಕಡೆಗೇ ನೋಡುತ್ತ, ಹೆಮ್ಮೆಯಿಂದ, "ಇಲ್ಲೇ ಇದಾಳೆ, ಮಾತಾಡಿ," ಎಂದು ಫೋನ್ ಚಾಚಿದ.

ತೆಗೆದುಕೊಂಡೆ. ಆ ಬ್ರೇಕ್ ಲೈನಿನಲ್ಲಿ ಇಬ್ಬರಿದ್ದರು ಎಂದು ಹೇಳಲು ಈಗ ನಾನೊಬ್ಬಳೇ ಉಳಿದಿದ್ದೆ. "ನಮಸ್ಕಾರ ಅಂಕಲ್, ಚೆನ್ನಾಗಿದೀರಾ?" ಎಂದೆ.