ಎಂಜಲು ಕಸಿ

ಆ ಬೆಳಿಗ್ಗೆಯೂ ಇದ್ದಿಲೊಲೆ ಹೊತ್ತಿಸಿ ಹಾಲಿಟ್ಟು, ಅದು ಉಕ್ಕುವುದರೊಳಗೆ ಅಂಗಳಕ್ಕೆ ನೀರು ಹಾಕಿ ಬಂದಿದ್ದೆ. ಲೋಟಗಳನ್ನು ಬಿಸಿನೀರಿನಲ್ಲಿ ಎರಡು ಸಲ ಅದ್ದಿ ಬೋರಲು ಹಾಕುವುದು ನನ್ನ ರೂಢಿ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು. ದಾವಣಗೆರೆಗೆ ಸೊಸೆಯಾಗಿ ಬಂದು ಆಗ ಎರಡು ವರ್ಷ. "ನಮ್ಮ ಸೊಸಿ ನೀರನ್ನೂ ತೊಳೀತಾಳೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅತ್ತೆ ಆವತ್ತು ಹರಿಹರದಿಂದ ಮೊದಲ ಬಸ್ಸಿಗೇ ಬಂದರು. ಅಲ್ಲಿ ಅವರ ತವರಿನ ಹಿತ್ತಲಲ್ಲಿದ್ದ ಮೋಸಂಬಿ ಗಿಡವನ್ನು ಕೋಣೆ ಕಟ್ಟಿಸಲೆಂದು ಅವರ ತಮ್ಮ ಹಿಂದಿನ ದಿನ ಕಡಿಸಿಬಿಟ್ಟಿದ್ದ. ಅದು ಅವರ ತಾಯಿ ನೆಟ್ಟ ಗಿಡ. ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಮಾತ್ರ ಉಳಿದಿತ್ತು. ಅದರಲ್ಲಿ ಆರು ಕಣ್ಣು. ಕಣ್ಣೆಂದರೆ ಎಲೆಯ ಬುಡದಲ್ಲಿ ಸಾಸಿವೆಯಷ್ಟಿರುವ ಮೊಗ್ಗು. ನಮ್ಮ ಹಿತ್ತಲಿನ ನಿಂಬೆ ಸಸಿಗೆ ಒಂದಾದರೂ ಕಣ್ಣು ಹತ್ತಿಕೊಂಡರೆ ಆ ಗಿಡ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಕಸಿ ಕಟ್ಟಲು ಕೊಂಡಜ್ಜಿ ಹಳ್ಳಿಯಿಂದ ಒಬ್ಬ ಅಜ್ಜ ಬಂದ. ತುಟಿಯ ಮೂಲೆಯಲ್ಲಿ ಎಲೆಅಡಿಕೆಯ ಕೆಂಪು ಒಣಗಿ ಬಿರುಕು ಬಿಟ್ಟಿತ್ತು. ಬಾಯಲ್ಲಿದ್ದ ತಂಬಾಕನ್ನು ಗೋಡೆಯ ಬುಡಕ್ಕೆ ಉಗುಳಿ, ಚಾಕುವನ್ನು ಧೋತರಕ್ಕೆ ಒರೆಸಿ, ಸಿಪ್ಪೆ ಸಮೇತ ಒಂದು ಕಣ್ಣನ್ನು ಎಬ್ಬಿಸಿದ. ಎಬ್ಬಿಸಿದ್ದನ್ನು ನಾಲಿಗೆಯ ಕೆಳಗಿಟ್ಟುಕೊಂಡ. ಹಾಗೆಯೇ ಐದು.

"ಗಾಳಿ ತಾಗಿದ್ರೆ ಸಾಯ್ತಾವೆ" ಎಂದ, ತೊದಲುತ್ತ.

ಅತ್ತೆ ಚಹಾ ತಂದರು. ಅಜ್ಜ ಬಟ್ಟಲು ಕೇಳಿದ. ನಾನು ಅರಿಯದೆ ಮೊಸರಿನ ಪಿಂಗಾಣಿ ಬಟ್ಟಲನ್ನೇ ಕೊಟ್ಟೆ. ಐದೂ ಕಣ್ಣುಗಳನ್ನು ಅದರೊಳಗೆ ಉಗುಳಿದ. ಕೆಂಪು ಜೊಲ್ಲಿನ ಎಳೆಯೊಂದು ತುಟಿಯಿಂದ ಬಟ್ಟಲಿನ ಅಂಚಿಗೆ ಜೋತು, ತುಂಡಾಗದೆ ತೂಗಾಡಿತು.

ಅವನು ಚಹಾ ಕುಡಿಯುವಷ್ಟರಲ್ಲಿ ಬಟ್ಟಲನ್ನು ಬಚ್ಚಲಿಗೆ ಒಯ್ದು ಕಾರ್ಬಾಲಿಕ್ ಸೋಪು ಹಚ್ಚಿದೆ. ಕಣ್ಣುಗಳಿಗೂ ಹಚ್ಚಿದೆ. ಸಿಪ್ಪೆಯ ಒಳಮೈ ಜಾರುತ್ತಿತ್ತು. ಅದೂ ಅವನ ಜೊಲ್ಲೇ ಎಂದುಕೊಂಡು ಹೆಬ್ಬೆರಳಿನಿಂದ ತಿಕ್ಕಿದೆ.

ಬಟ್ಟಲನ್ನು ತಂದುಕೊಟ್ಟೆ. ಅಜ್ಜ ಒಂದನ್ನು ಬಾಯಿಗೆ ಹಾಕಿಕೊಂಡವನೇ ಉಗುಳಿದ.

"ಸೋಪು ಹಚ್ಚೀರೇನ್ರಿ ಅವ್ವಾರೆ? ಸಿಪ್ಪಿ ಒಳಗಿನ ಪಸೇನೇ ಅಂಟು. ಅದಕ್ಕೆ ಬೆರಳು ಸೈತ ತಾಗಿಸಬಾರ್ದು. ನೀವು ಮದುವಿ ಹೆಣ್ಣಿಗೆ ಎರದಂಗೆ ಎರದೀರಿ."

ಐದನ್ನೂ ಚೆಲ್ಲಿದ. ಅತ್ತೆ ಬೈಯಲಿಲ್ಲ. ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬುಡದಲ್ಲಿ ಒಂದು ಸಣಕಲು ಕಣ್ಣು ಉಳಿದಿತ್ತು. ಅಜ್ಜ ಅದನ್ನು ಎಬ್ಬಿಸಿ ಚಾಕುವಿನ ತುದಿಯಲ್ಲಿ ನನ್ನತ್ತ ಚಾಚಿದ.

"ನನ್ನ ಬಾಯೆಲ್ಲ ಸೋಪಾಗೈತೆ. ನಾ ಗೀರು ಹಾಕೋ ತನಕ ನೀವೇ ಇಟ್ಕೊಳ್ರಿ. ಕಡೀಬ್ಯಾಡ್ರಿ."

ಅತ್ತೆ ನನ್ನನ್ನು ನೋಡಲಿಲ್ಲ. ಆ ಕಣ್ಣನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ.

ಮೊದಲು ಸಿಪ್ಪೆಯ ಕಹಿ, ಆಮೇಲೆ ಚಾಕುವಿನ ಕಬ್ಬಿಣ, ಅದರ ಹಿಂದೆ ತಂಬಾಕು, ಅವನ ಬೆರಳಿನ ಬೆವರು. ಬಾಯಿ ತುಂಬ ನೀರೂರಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಜ್ಜ ಅವಸರವಿಲ್ಲದೆ ನಿಂಬೆಯ ಕಾಂಡಕ್ಕೆ ಅಡ್ಡ ಒಂದು ಗೀರು, ಕೆಳಕ್ಕೊಂದು ಗೀರು ಹಾಕಿ ತೊಗಟೆ ಬಿಡಿಸಿದ. ಆಮೇಲೆ ಕೈ ಚಾಚಿದ. ನನ್ನ ಬಾಯಿಂದ ಬಂದದ್ದನ್ನು ಆ ಸಂದಿಯಲ್ಲಿ ಜಾರಿಸಿ, ಕಣ್ಣಷ್ಟೇ ಹೊರಗಿರುವಂತೆ ಬಾಳೆನಾರು ಬಿಗಿದ.

"ಮೂರು ವಾರ ಹಸಿರಿದ್ರೆ ಹತ್ತಿತು ಅನ್ರಿ. ಇಲ್ಲಾಂದ್ರೆ ಕೆಳಗಿನ ನಿಂಬೆನೇ ಚಿಗುರಿ ಹುಳಿಕಾಯಿ ಬಿಡ್ತೈತೆ."

ಬಚ್ಚಲಲ್ಲಿ ಎಷ್ಟು ಬಾಯಿ ಮುಕ್ಕಳಿಸಿದರೂ ಆ ರುಚಿ ಹೋಗಲಿಲ್ಲ. ಮಧ್ಯಾಹ್ನ ಆ ಬಟ್ಟಲಿನ ಮೊಸರು ಮುಟ್ಟಲಿಲ್ಲ.

ಸಂಜೆ ಪಕ್ಕದ ಮನೆಯ ಅತ್ತರು ವ್ಯಾಪಾರಿಯ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ತಮ್ಮ ಹಿತ್ತಲಿಗೆ ಬಂದಾಗ, ಅತ್ತೆ ಗೋಡೆಯಾಚೆಗೆ ಎಲ್ಲವನ್ನೂ ಹೇಳಿದರು. ಆಕೆ ದಿಂಬಿನ ಚೀಲ ಕೊಡವುತ್ತ, ನಮ್ಮತ್ತ ತಿರುಗದೆಯೇ ಅಂದಳು:

"ಇನ್ನ ಹುಳಿ ಬಿಟ್ರೆ ಗಿಡಕ್ಕ ಬೈಯಂಗಿಲ್ಲ ಬಿಡ್ರಿ ಅಮ್ಮಾರೆ, ಸೊಸಿ ಬಾಯಿಗೇ ಬೈಬೇಕು."