ತೊಟ್ಟು ನಿಂತ ದೋಣಿ

ಆಗ ನಮ್ಮ ಹೊಳೆಗೆ ಎರಡು ಸರ್ಕಾರ. ಈ ದಡ ಮದ್ರಾಸಿನದು, ಆ ದಡ ಮೈಸೂರಿನದು. ಮುಳ್ಳೂರಿನ ನಾವು ಕೊಯಮತ್ತೂರು ಜಿಲ್ಲೆಗೆ ಸೇರಿದವರಾಗಿದ್ದೆವು ಎಂದು ಈಗಿನ ಮಕ್ಕಳಿಗೆ ಹೇಳಿದರೆ, ಅಜ್ಜಿಗೆ ಅರಳುಮರಳು ಎಂದು ನಗುತ್ತಾರೆ. ನಗಲಿ ಬಿಡಿ. ನಮ್ಮ ದೇವಮ್ಮಣ್ಣಿ ಅಕ್ಕನನ್ನು ಕೊಟ್ಟಿದ್ದು ಆ ದಡದ ಊರಿಗೆ. ಬೆಳಿಗ್ಗೆ ಅವರ ಮನೆಯ ಒಲೆಯ ಹೊಗೆ ನಮಗೆ ಕಾಣುತ್ತಿತ್ತು, ಕೂಗಿದರೆ ಮಾತ್ರ ಕೇಳುತ್ತಿರಲಿಲ್ಲ. ಅವ್ವ ಹೊಳೆಯಲ್ಲಿ ಬಟ್ಟೆ ಒಗೆಯುತ್ತಾ ಆ ಕಡೆಗೇ ಕಣ್ಣು ನೆಟ್ಟಿರುತ್ತಿದ್ದಳು. ಹೊಗೆ ತಡವಾದರೆ, "ಇನ್ನೂ ಒಲೆ ಅಚ್ಚಿಲ್ಲ. ಏಳಕಾಗ್ನಿಲ್ವೇನೋ ಕೂಸ್ಗೆ" ಎಂದು ಒಗೆಯುವುದನ್ನೇ ಬಿಟ್ಟು ನಿಲ್ಲುತ್ತಿದ್ದಳು.

ನಮ್ಮಪ್ಪ ಮೋಟಾರ್ ದೋಣಿ ನಡೆಸುತ್ತಿದ್ದ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಆ ದಡದ ಊರುಗಳಿಂದ ಗೂಡು ತರಿಸಲೆಂದು ಎಲ್ಲಿಂದಲೋ ಕೊಂಡು ತಂದ ಹಳೆಯ ದೋಣಿ ಅದು. ಅಪ್ಪ ಹರೆಯದಲ್ಲಿ ಲಾರಿ ಓಡಿಸುವುದನ್ನು ಕಲಿತಿದ್ದನೆಂದು ಅದನ್ನು ಅವನ ಕೈಗೆ ಒಪ್ಪಿಸಿದ್ದರು. ಹರಿಗೋಲು ಹಾಕುವ ರಂಗಯ್ಯನಿಗೆ ಮೊದಮೊದಲು ಹೊಟ್ಟೆಯುರಿ. "ಏನ್ ಮಾದೇವಪ್ಪಾರೆ, ನಿಮ್ ಬಂಡಿ ಗುಡುಗಾಟುಕ್ಕೆ ಒಳೆ ಮೀನೆಲ್ಲ ಕೆಳ್ಗಡೆ ಗೋಪಿನಾಥುಕ್ಕೆ ಗುಳೆ ಒಂಟೋದ್ವು" ಎನ್ನುತ್ತಿದ್ದ. ಅಪ್ಪ, "ನೀನೂ ಅಲ್ಗೇ ಓಗು ಕಣ್ಲಾ, ಕಾಯ್ಕಂಡು ಕೂತಿರ್ತವೆ" ಎಂದು ನಗುತ್ತಿದ್ದ. ಅವನು ನಗುವಾಗ ಹೆಗಲೆರಡೂ ಕುಣಿಯುತ್ತಿದ್ದವು.

ದೋಣಿಯ ನಡುವೆ ಇಂಜಿನ್. ಅದರಿಂದ ಒಂದು ಉದ್ದನೆಯ ಕಬ್ಬಿಣದ ದಂಡ ಹಿಂದಕ್ಕೆ ಹೋಗಿ, ತಳದ ತೂತಿನಲ್ಲಿ ಹಾದು, ನೀರೊಳಗಿನ ರೆಕ್ಕೆಯನ್ನು ತಿರುಗಿಸುತ್ತಿತ್ತು. ದಂಡ ಹೊರಕ್ಕೆ ಹೋಗುವ ಆ ಜಾಗವನ್ನು ಅಪ್ಪ ದೋಣಿಯ ಕೊರಳು ಎಂದು ಕರೆಯುತ್ತಿದ್ದ. ಕೊರಳಿನ ಸುತ್ತ ಹಗ್ಗದ ಸುರುಳಿ ತುರುಕಿ, ಮೇಲೊಂದು ಹಿತ್ತಾಳೆಯ ಬಳೆ ಕೂರಿಸಿ, ಎರಡು ಬೋಲ್ಟಿನಿಂದ ಅದುಮಿದ್ದರು. ಹೊಳೆಯ ನೀರು ನುಗ್ಗದಂತೆ ತಡೆಯುವುದು ಆ ಸುರುಳಿಯೇ. ಆದರೂ ದಂಡ ತಿರುಗುವಾಗ ಅಲ್ಲಿಂದ ತೊಟ್ಟು ತೊಟ್ಟಾಗಿ ನೀರು ಒಳಗೆ ಬೀಳುತ್ತಿತ್ತು. ಅದನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಹೊರಗೆ ಚೆಲ್ಲುವ ಕೆಲಸ ನನ್ನದು. ಶಾಲೆಗೆ ಚಕ್ಕರ್ ಹೊಡೆಯಲು ಇದಕ್ಕಿಂತ ಘನವಾದ ನೆಪ ಯಾರಿಗಿತ್ತು ಹೇಳಿ!

ಮೊಗೆಯುವಷ್ಟು ನೀರು ಸೇರುವವರೆಗೆ ಬೇಜಾರು ಕಳೆಯಲು ನಾನೊಂದು ಆಟ ಕಟ್ಟಿಕೊಂಡಿದ್ದೆ. ಒಂದು ತೊಟ್ಟು ಬಿದ್ದು ಇನ್ನೊಂದು ಬೀಳುವುದರೊಳಗೆ ಮನೆಯವರ ಹೆಸರನ್ನೆಲ್ಲ ಹೇಳಿ ಮುಗಿಸಬೇಕು. ಅಜ್ಜನಿಂದ ಶುರು, ಅವ್ವ, ಅಕ್ಕ, ಭಾವ, ನಾನು, ಹಾಲು ಕರೆಯುವ ಹಸು, ಅದರ ಕರು, ಕೊನೆಗೆ ಅಪ್ಪ. ಸುಟ್ಟ ಎಣ್ಣೆಯ ವಾಸನೆ, ಗೂಡಿನ ಮೂಟೆಗಳ ಹಸಿ ಕಮಟು ವಾಸನೆ, ಇಂಜಿನ್ನಿನ ಸದ್ದು, ಇವುಗಳ ನಡುವೆ ತುಟಿ ಕುಣಿಸುತ್ತಾ ಕೂತಿರುತ್ತಿದ್ದೆ. ಅಪ್ಪ ತಿರುಗಿ ನೋಡಿ, "ಎಲ್ರೂ ಬಂದ್ರಾ ಕೂಸೇ?" ಎಂದು ಕೇಳುತ್ತಿದ್ದ. "ಬಂದ್ರು ಕಣಪ್ಪ" ಎನ್ನುತ್ತಿದ್ದೆ.

ಆ ವರ್ಷ ಬೇಸಗೆ ಕಳೆಯುವ ಹೊತ್ತಿಗೆ ಸುರುಳಿ ಸವೆದುಹೋಗಿತ್ತು. ತೊಟ್ಟುಗಳು ಒಂದರ ಬೆನ್ನಿಗೊಂದು ಬೀಳತೊಡಗಿದವು. ಆಟದಲ್ಲಿ ಹೆಸರುಗಳು ಪೂರ್ತಿಯಾಗುತ್ತಿರಲಿಲ್ಲ. ಮೊದಲು ಅಪ್ಪನೇ ಆಚೆಗುಳಿದ. ಆಮೇಲೆ ಕರು ಉಳಿಯಿತು, ಹಸು ಉಳಿಯಿತು. ಕಡೆಕಡೆಗೆ ನೀರು ದಾರದಂತೆ ಇಳಿಯುತ್ತಿತ್ತು. ಚಿಪ್ಪು ಬಿಟ್ಟು ಬಕೆಟ್ ಹಿಡಿದರೂ ನನ್ನ ಕೈಗೆ ಬಿಡುವಿರಲಿಲ್ಲ.

ಅದೇ ಹೊತ್ತಿಗೆ ಅಕ್ಕನಿಗೆ ತುಂಬು ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳ ಅತ್ತೆ ಕಾಯಿಲೆ ಬಿದ್ದಿದ್ದರಿಂದ ಕಳಿಸಿಕೊಡುವುದು ಮುಂದಕ್ಕೆ ಹೋಗುತ್ತಾ, ಆಷಾಢ ಹುಟ್ಟಲು ಇನ್ನು ಕೆಲವೇ ದಿನ ಎನ್ನುವಲ್ಲಿಗೆ ಬಂದಿತ್ತು. ಸೇತುವೆ ಇದ್ದದ್ದು ಸತ್ತೇಗಾಲದ ಕಡೆ. ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಸುತ್ತಿ ಬಂದರೆ ದಾರಿಯಲ್ಲೇ ಹೆರಿಗೆಯಾಗುವಷ್ಟು ಕುಲುಕಾಟ. ಹರಿಗೋಲಿನ ತಳದಲ್ಲಂತೂ ಯಾವಾಗಲೂ ನೀರು ನಿಂತಿರುತ್ತದೆ. ಉಳಿದದ್ದು ಅಪ್ಪನ ದೋಣಿ. ಮೇಲೆ ನಮ್ಮ ಹೊಳೆಗೆ ಬಂದು ಸೇರುವ ಕಬಿನಿಗೆ ಆಗ ಅಣೆಕಟ್ಟಿರಲಿಲ್ಲ. ಮೇಲೆ ಎರಡು ಮಳೆ ಬಿದ್ದರೆ ಸಾಕು, ನಮ್ಮ ಹೊಳೆ ಕೆಂಪಗಾಗುತ್ತಿತ್ತು. ಆಗಲೇ ಆಗಿತ್ತು.

ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ದಾಟಲೇಬೇಕಾಗಿ ಬಂದರೆ ಹೊಳೆಯ ನೀರು ಕಾಲಿಗೆ ಸೋಕಬಾರದು. ಅವ್ವನ ಒಬ್ಬಳೇ ತಂಗಿ ಹೆರಿಗೆಗೆಂದು ಹರಿಗೋಲಿನಲ್ಲಿ ದಾಟಿ ಬಂದು, ಮೂರನೆಯ ದಿನವೇ ತೀರಿಕೊಂಡಿದ್ದಳು. ಒದ್ದೆಯಾದ ಅವಳ ಕಾಲನ್ನು ಅವ್ವನೇ ಸೆರಗಿನಿಂದ ಒರೆಸಿದ್ದಳಂತೆ. ಹಾಗಾಗಿ ಈ ವಿಷಯದಲ್ಲಿ ಅವ್ವನೊಡನೆ ಯಾರೂ ವಾದಕ್ಕೆ ಹೋಗುತ್ತಿರಲಿಲ್ಲ.

ಅಪ್ಪ ದೋಣಿಯನ್ನು ದಡಕ್ಕೆ ಎಳೆಸಿ ಕೊರಳು ಬಿಚ್ಚಿದ. ಮೂಟೆ ಹೊಲಿಯುವ ದಬ್ಬಳವನ್ನು ಬಗ್ಗಿಸಿ, ಹಳೆಯ ಸುರುಳಿಯನ್ನು ಕಿವಿಯ ಕೊಳೆ ತೆಗೆದಂತೆ ಕೆದಕಿ ಕೆದಕಿ ತೆಗೆದ. ಹೊಸ ಹಗ್ಗಕ್ಕೆ ದನದ ಕೊಬ್ಬು ಸವರಬೇಕಂತೆ, ಮಿಲ್ಲಿನ ಕಡೆ ಎಲ್ಲರೂ ಹಾಗೇ ಮಾಡುತ್ತಾರಂತೆ. ಲಿಂಗ ಕಟ್ಟಿದ ಮನೆಯಲ್ಲಿ ಅದನ್ನು ಮುಟ್ಟುವವರು ಯಾರು? ಅಜ್ಜ ಕೇಳಿದೊಡನೆ ಎದ್ದು ಸ್ನಾನಕ್ಕೇ ಹೋದ. ಅಪ್ಪ ಯೋಚನೆ ಮಾಡಿ, ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕನ್ನು ಹೊಸೆದು ಹಗ್ಗ ಮಾಡಿದ. ಹಿತ್ತಲ ಒಲೆಯ ಮೇಲೆ ಹರಳೆಣ್ಣೆ ಕಾಯಿಸಿ, ಕಾಡಿನಿಂದ ಬಂದ ಜೇನುಮೇಣ ಕರಗಿಸಿ, ಹಗ್ಗವನ್ನು ಅದರಲ್ಲಿ ನೆನೆಹಾಕಿದ. ಮನೆಯೆಲ್ಲ ಜೇನಿನ ಘಮಲು. ರಾಗಿಮುದ್ದೆಯೂ ಅದೇ ವಾಸನೆ ಹೊಡೆಯುತ್ತಿತ್ತು.

ಹಗ್ಗವನ್ನು ದಂಡಕ್ಕೆ ಸುತ್ತಿ ಅಳತೆ ನೋಡಿ ಬಳೆಬಳೆಯಾಗಿ ಕತ್ತರಿಸಿ, ಒಂದರ ಮೇಲೊಂದು ತುರುಕಿದ. "ಒಂದ್ರ ಬಾಯಿ ಇನ್ನೊಂದ್ರ ಬಾಯ್ಗೆ ನೇರ ಬರ್ಬಾರ್ದು ಕಣ್ ಕೂಸೇ. ಬಂದ್ರೆ ನೀರು ಅದೇ ಸಂದೀಲಿ ಓಡ್ಬತ್ತದೆ" ಎಂದು ತೋರಿಸಿದ. ನೀರಿಗಿಳಿಸಿ ಓಡಿಸಿದಾಗ ಕೊರಳು ಮೊದಲಿನಂತೆ ಹದವಾಗಿ ತೊಟ್ಟಿಕ್ಕಿತು. ನಾನು ಹೆಸರು ಹೇಳಿದೆ. ಅಜ್ಜನಿಂದ ಹಿಡಿದು ಅಪ್ಪನವರೆಗೆ ಎಲ್ಲರೂ ಬಂದರು. ಖುಷಿಯಿಂದ ಕಿರುಚಿಬಿಟ್ಟೆ.

ಅಷ್ಟರಲ್ಲಿ ಅವ್ವ ನೋಡಲು ಬಂದಳು. ಬಗ್ಗಿ ದೋಣಿಯ ತಳಕ್ಕೆ ಅಂಗೈ ಒತ್ತಿ ಎತ್ತಿದಳು. ಅಂಗೈ ಒದ್ದೆ.

"ಇದೇನು, ಇನ್ನೂ ಸೋರ್ತಾ ಅದೆ?"

"ಅದು ಸೋರಾದಲ್ಲ ಕಣಮ್ಮಿ. ಅಷ್ಟು ಬೀಳ್ಲೇಬೇಕು. ಗುಡೀಲಿ ಲಿಂಗದ್ ಮೇಲೆ ಧಾರೆ ಬುಟ್ಟಿರ್ತಾರಲ್ಲ, ಅಂಗೆ. ತಂಪು ಬೇಕು ಅದ್ಕೆ. ಪೂರ್ತಿ ಬಿಗುದ್ಬುಟ್ರೆ ಒಣಗಿ ಕಾದೋಯ್ತದೆ."

"ನಿಮ್ ಕಬ್ಬುಣುಕ್ಕೆ ತಂಪು ಬೇಕು ಅಂತ ನನ್ ಮಗಳ ಕಾಲ್ಗೆ ಒಳೆ ನೀರು ಸೋಕ್ಬೇಕಾ? ನನ್ ತಂಗಿ ಓದ್ದು ಮರ್ತೋಯ್ತಾ ನಿಮ್ಗೆ?"

ಅಪ್ಪ ಏನೋ ಹೇಳಹೊರಟ. ಅವ್ವನ ಗಲ್ಲ ನಡುಗುವುದನ್ನು ನೋಡಿ ಸ್ಪ್ಯಾನರ್ ಎತ್ತಿಕೊಂಡ. ಅದನ್ನು ಅಂಗೈಯಲ್ಲಿ ತಿರುವುತ್ತಾ, "ಒಂದಿನುಕ್ಕಲ್ವಾ. ಬುಡು, ಬಿಗೀತೀನಿ. ಅಲ್ಲೋಗಿ ಬರೋಗಂಟ ತಡೀತದೆ" ಎಂದ. ಎರಡು ಬೋಲ್ಟನ್ನೂ ಹಲ್ಲು ಕಚ್ಚಿ ತಿರುಗಿಸಿದ. ತೊಟ್ಟು ನಿಂತಿತು. ಅವ್ವ ಮತ್ತೆ ಅಂಗೈ ಒತ್ತಿ ನೋಡಿ, ಎಷ್ಟೋ ದಿನದ ಮೇಲೆ ನಕ್ಕಳು. ಆ ನಗುವಿಗಾಗಿ ಅಪ್ಪ ಏನು ಬೇಕಾದರೂ ಮಾಡುತ್ತಿದ್ದ. ಇದು ನನಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತು.

ಮಾರನೆಯ ಬೆಳಿಗ್ಗೆ ತಂಬಿಟ್ಟಿನ ಬುಟ್ಟಿ ಹಿಡಿದು ಅವ್ವ, ಚಿಪ್ಪು ಹಿಡಿದು ನಾನು, ಅಪ್ಪನ ಜೊತೆ ಆ ದಡಕ್ಕೆ ಹೋದೆವು. ಭಾವ ಅಕ್ಕನನ್ನು ಕೈಹಿಡಿದು ತಂದು, ನೀರಿಗೆ ಕಾಲಿಡದಂತೆ ಹಲಗೆಯ ಮೇಲಿಂದ ದೋಣಿಗೆ ಹತ್ತಿಸಿ, ತಾನು ಆ ದಡದಲ್ಲೇ ಉಳಿದ. ಮದುವೆಯ ರೇಷ್ಮೆ ಸೀರೆಯಲ್ಲಿ ಅಕ್ಕ ಮಹಾರಾಣಿಯ ಹಾಗಿದ್ದಳು. ನನ್ನ ಕೆನ್ನೆ ಹಿಂಡಿ, "ನೀರೇ ಇಲ್ಲ, ನಿಂಗೇನಮ್ಮಿ ಕೆಲ್ಸ?" ಎಂದಳು. ನಿಜಕ್ಕೂ ಕೆಲಸವಿರಲಿಲ್ಲ. ಅಭ್ಯಾಸದಿಂದ ಹೆಸರು ಹೇಳಲು ಶುರುಮಾಡಿದೆ. ಎಲ್ಲರದೂ ಮುಗಿಯಿತು. ಇನ್ನೊಂದು ಸಲ ಹೇಳಿದೆ. ಸಾಕು ಎನ್ನಲು ತೊಟ್ಟು ಬೀಳಲೇ ಇಲ್ಲ. ನನಗೇಕೋ ಹೆದರಿಕೆಯಾಗಿ ಬಾಯಿ ಮುಚ್ಚಿದೆ.

ನಡುಹೊಳೆಯಲ್ಲಿ ಕೂದಲು ಸುಟ್ಟ ವಾಸನೆ ಬಂತು. ರೇಷ್ಮೆ ಸುಟ್ಟರೆ ಹಾಗೇ ವಾಸನೆ ಬರುವುದೆಂದು ನಮ್ಮ ಸೀಮೆಯ ಹಸುಗೂಸಿಗೂ ಗೊತ್ತು. ಅವ್ವ ಅಕ್ಕನ ಸೀರೆಗೇ ಇಂಜಿನ್ನಿನ ಕಿಡಿ ಹಾರಿದೆಯೆಂದುಕೊಂಡು, "ಅಯ್ಯೋ ಸೆರ್ಗು ನೋಡ್ಕೊಳೆ!" ಎಂದು ಎರಡೂ ಕೈಯಿಂದ ಬಡಿದಳು. ನಾವು ಮೂವರೂ ನೆರಿಗೆ ಕೊಡವುತ್ತಿದ್ದಾಗ ಅಪ್ಪ ಕೊರಳಿನ ಬಳಿಯ ತಳದ ಹಲಗೆ ಎತ್ತಿದ. ಕೊರಳಿನಿಂದ ಹೊಗೆ ಏಳುತ್ತಿತ್ತು. ಅವನು ಬೊಗಸೆಯಲ್ಲಿ ಹೊಳೆಯ ನೀರು ಮೊಗೆದು ಸುರಿದ. ಚುಂಯ್ ಎಂದಿತು. ಇಂಜಿನ್ ನರಳಿ, ದೋಣಿಯನ್ನೊಮ್ಮೆ ನಡುಗಿಸಿ, ನಿಂತುಹೋಯಿತು. ದಂಡ ಕೊರಳಿನಲ್ಲಿ ಕಚ್ಚಿಕೊಂಡಿತ್ತು.

ಆಗ ಹೊಳೆಯ ಸದ್ದು ಕೇಳಿಸಿತು. ಅಷ್ಟು ಹೊತ್ತು ಇಂಜಿನ್ ಅದನ್ನು ಮುಚ್ಚಿತ್ತು.

ದೋಣಿ ಅಡ್ಡಡ್ಡಲಾಗಿ ತೇಲತೊಡಗಿತು. ಬಿದಿರಿನ ಗಳು ಹಾಕಿದರೆ ತಳ ಸಿಗಲಿಲ್ಲ. ಕೆಳಗೆ ಶಿವನಸಮುದ್ರದಲ್ಲಿ ಈ ನೀರೆಲ್ಲ ಎಲ್ಲಿಗೆ ಬೀಳುತ್ತದೆ ಎಂಬುದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಂದೆ ಮರಳದಿಬ್ಬದ ಮೇಲೆ ಒಂದು ಹೊಳೆಮತ್ತಿ ಮರ ಅರ್ಧ ಮುಳುಗಿ ನಿಂತಿತ್ತು. ಅಪ್ಪ ದೋಣಿ ಕಟ್ಟುವ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಹಾರುವ ಮುಂಚೆ ತಿರುಗಿ ಅಕ್ಕನನ್ನು ನೋಡಿ, "ಕಾಲು ಮೇಲಿಟ್ಕೊ ಮಗಾ" ಎಂದ. ಅಕ್ಕ ತಂಬಿಟ್ಟಿನ ಬುಟ್ಟಿಯ ಮೇಲೆ ಎರಡೂ ಪಾದ ಇಟ್ಟಳು.

ಅವನು ಮರ ಸೇರಿದ್ದನ್ನು ನೋಡಿದೆವು. ಸೊಂಟದ ಹಗ್ಗ ಬಿಚ್ಚಿ ಕಾಂಡಕ್ಕೆ ಸುತ್ತಿ ಗಂಟು ಹಾಕಿದ್ದನ್ನೂ ನೋಡಿದೆವು. ಹಗ್ಗ ಬಿಗಿದು ದೋಣಿ ಗಕ್ಕನೆ ನಿಂತಿತು. ಅಪ್ಪ ಹಗ್ಗ ಹಿಡಿದು ನಮ್ಮ ಕಡೆಗೆ ಬರುತ್ತಿದ್ದ. ನಗುತ್ತಿದ್ದನೆಂದೇ ನನ್ನ ನೆನಪು. ಮೇಲಿನಿಂದ ಬೇರುಸಹಿತ ಕಿತ್ತ ಬಿದಿರಿನ ಮೆಳೆಯೊಂದು ನೀರಿನಲ್ಲಿ ಹೊರಳುತ್ತಾ ಬಂತು. ಅದು ದಾಟಿ ಹೋದ ಮೇಲೆ ನೋಡಿದರೆ ಬರೀ ಹಗ್ಗವಿತ್ತು.

ಕೂಗು ಕೇಳಿ ರಂಗಯ್ಯ ಹರಿಗೋಲು ತಂದ. ಅಕ್ಕನನ್ನು ಮಗುವಿನಂತೆ ಎತ್ತಿ ತಂದು ದಡದ ಮೇಲೆ ಕೂರಿಸಿದ. ಅವ್ವ ಮೊದಲು ಮಾಡಿದ ಕೆಲಸ ಅಕ್ಕನ ಪಾದವನ್ನು ಅಂಗೈಯಿಂದ ಸವರಿ ನೋಡಿದ್ದು. ಒಂದು ತೊಟ್ಟು ನೀರೂ ಸೋಕಿರಲಿಲ್ಲ. ಆಮೇಲೆ ಅವಳು ತಿರುಗಿ ಹೊಳೆಯನ್ನು ನೋಡಿದಳು. ಅವಳ ಬಾಯಿಂದ ಬಂದ ಸದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಅಪ್ಪ ಸಿಗಲಿಲ್ಲ. ಅಕ್ಕನಿಗೆ ಅದೇ ವಾರ ಸುಸೂತ್ರವಾಗಿ ಗಂಡು ಮಗುವಾಯಿತು. ಅಪ್ಪನ ಹೆಸರನ್ನೇ ಇಟ್ಟರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದಾದ್ದರಿಂದ ಅವ್ವ ಆ ಮೊಮ್ಮಗನನ್ನು ಸಾಯುವವರೆಗೂ ಹೆಸರು ಹಿಡಿದು ಕರೆಯಲಿಲ್ಲ.

ನೀರಿಳಿದ ಮೇಲೆ ದೋಣಿ ಮರಳದಿಬ್ಬದ ಮೇಲೆ ವಾಲಿಕೊಂಡು ಉಳಿಯಿತು. ವ್ಯಾಪಾರಿಯ ಕಡೆಯವರು ಇಂಜಿನ್ ಬಿಚ್ಚಿಕೊಂಡು ಹೋದರು. ಕಚ್ಚಿಕೊಂಡ ದಂಡ ಮಾತ್ರ ಎಷ್ಟು ಬಡಿದರೂ ಬರಲಿಲ್ಲ. ನಮ್ಮವರು ಸತ್ತರೆ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಕಲ್ಲು ನಿಲ್ಲಿಸಿ ಪೂಜೆ ಮಾಡುತ್ತೇವೆ. ಅಪ್ಪನಿಗೆ ಅಂಥದೊಂದು ಜಾಗವಿರಲಿಲ್ಲ. ಬೇಸಗೆಯ ಸೋಮವಾರಗಳಂದು ಅವ್ವ ನನ್ನನ್ನು ಕರೆದುಕೊಂಡು ಮರಳಿನಲ್ಲಿ ನಡೆದು ಅಲ್ಲಿಗೆ ಹೋಗುತ್ತಿದ್ದಳು. ತುಕ್ಕು ಹಿಡಿದ ದಂಡದ ಮೇಲೆ ಅಂಗೈ ಇಟ್ಟು, "ಇನ್ನೂ ಕಾದದೆ ಕಣ್ ಕೂಸೇ" ಎನ್ನುತ್ತಿದ್ದಳು. ನಾನೂ ಮುಟ್ಟುತ್ತಿದ್ದೆ. ನಿಜಕ್ಕೂ ಸುಡುತ್ತಿತ್ತು. "ಬಿಸ್ಲಿಗೆ ಕಣವ್ವ" ಎಂದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ಚೊಂಬು ಓರೆ ಮಾಡಿ, ಕೊರಳಿನ ಮೇಲೆ ಒಂದೊಂದೇ ತೊಟ್ಟು ನೀರು ಬಿಡುತ್ತಾ ಕೂರುತ್ತಿದ್ದಳು. ಚೊಂಬು ಬರಿದಾಗುವವರೆಗೆ ನಾನು ತುಟಿ ಬಿಗಿದು ಕಾಯುತ್ತಿದ್ದೆ. ಹೆಸರು ಹೇಳುವ ಧೈರ್ಯವಿರಲಿಲ್ಲ.

ಅಜ್ಜ ಹೋದ, ಅವ್ವ ಹೋದಳು, ಅಕ್ಕ ಭಾವನೂ ಹೋದರು. ಮುಂದೊಂದು ಪ್ರವಾಹದಲ್ಲಿ ದೋಣಿಯೂ ಹೋಯಿತು. ಎರಡು ದಡವೂ ಒಂದೇ ಸರ್ಕಾರದ್ದಾಗಿ ಬಹಳ ಕಾಲವಾಯಿತು. ಹೋದ ಬೇಸಗೆಯಲ್ಲಿ ಚೊಂಬಿನಲ್ಲಿ ನೀರು ತುಂಬಿಕೊಂಡು ಅಕ್ಕನ ಮಗ ಮಾದೇವನ ಜೊತೆ ಹೊಳೆಗೆ ಹೋಗಿದ್ದೆ. ಅವನಿಗೂ ತಲೆ ನೆರೆತಿದೆ. ನಕ್ಕರೆ ಹೆಗಲೆರಡೂ ಕುಣಿಯುತ್ತವೆ. ಅಪ್ಪನನ್ನು ನೋಡದವನಿಗೆ ಅದು ಎಲ್ಲಿಂದ ಬಂತೋ! ಹೊಳೆ ಸೊರಗಿ ಬಂಡೆಗಳ ಸಂದಿಗೆ ಸೇರಿತ್ತು. ದಿಬ್ಬವಿಲ್ಲ, ಮತ್ತಿ ಮರವಿಲ್ಲ. ನಾನು ಮೆಲ್ಲಗೆ ಹೆಸರು ಹೇಳಲು ಶುರುಮಾಡಿದೆ. ಮಾದೇವ ಮತ್ತು ನಾನು, ಇಬ್ಬರೇ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದುಹೋಯಿತು.

"ಯಾವ್ ಜಾಗ ಚಿಕ್ಕವ್ವ?" ಎಂದ ಮಾದೇವ, ಚೊಂಬನ್ನು ನನ್ನ ಕೈಗೆ ಕೊಡುತ್ತಾ.

ಬೆರಳೆತ್ತಿ ತೋರಿಸಲು ನೋಡಿದೆ, ಜಾಗ ಗೊತ್ತಾಗಲಿಲ್ಲ. ಚೊಂಬಿನ ನೀರನ್ನು ಹಾಗೇ ಮನೆಗೆ ತಂದೆ.